ಮೂರು ಮನೆಯವರು, ಐದು ಮಕ್ಕಳು, ಸಮುದ್ರದ ದಡದ ರೆಸಾರ್ಟ್: ಹೊರಡುವ ಮೊದಲು ಏನೇನು ಮಾತಾಡಿಕೊಳ್ಳಬೇಕು?

ಪುಟ್ಟಿಯಮ್ಮ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ಮೂರು ಮನೆಯವರು ಸೇರಿ ನಾಲ್ಕು ದಿನಕ್ಕೆ ಸಮುದ್ರದ ದಡದ ರೆಸಾರ್ಟಿಗೆ ಹೋಗುತ್ತಿದ್ದೇವೆ. ದೊಡ್ಡವರು ಆರು ಜನ, ಮಕ್ಕಳು ಐದು. ನನ್ನ ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎರಡು. ಒಬ್ಬ ಗೆಳತಿಗೆ ಆರು ಮತ್ತು ಎಂಟು ವರ್ಷದ ಗಂಡು ಮಕ್ಕಳು, ಇನ್ನೊಬ್ಬಳಿಗೆ ಐದು ತಿಂಗಳ ಕೂಸು. ಕಾಲೇಜಿನ ದಿನಗಳಿಂದ ಸ್ನೇಹಿತರು ನಾವು, ಮದುವೆ ಮಕ್ಕಳು ಅಂತ ಆದಮೇಲೆ ಎಲ್ಲರೂ ಒಟ್ಟಿಗೆ ಹೊರಡುತ್ತಿರುವುದು ಇದೇ ಮೊದಲು, ಅದಕ್ಕೇ ತುಂಬಾ ಖುಷಿಯೂ ಇದೆ, ಭಯವೂ ಇದೆ.

ಭಯ ನೀರಿನದು. "ಆರು ಜನ ಇದ್ದೀವಲ್ಲ, ಯಾರಾದರೂ ಒಬ್ಬರು ನೋಡ್ಕೋತಾರೆ ಬಿಡು" ಅಂತ ನಮ್ಮನೆಯವರು ಹೇಳುತ್ತಾರೆ. ನನಗೆ ಯಾಕೋ ಸಮಾಧಾನ ಇಲ್ಲ.

ಇನ್ನೊಂದು ವಿಷಯ. ನಮ್ಮ ಮಕ್ಕಳು ರಾತ್ರಿ ಎಂಟೂವರೆಗೆ ಮಲಗುತ್ತಾರೆ, ಆ ಹುಡುಗರು ಹನ್ನೊಂದಾದರೂ ಎದ್ದಿರುತ್ತಾರೆ. ಖರ್ಚು ಹಂಚಿಕೊಳ್ಳುವುದು ಹೇಗೆ ಅಂತಲೂ ಇನ್ನೂ ಮಾತಾಡಿಲ್ಲ. ಇದನ್ನೆಲ್ಲ ಈಗಲೇ ತೆಗೆದರೆ ಏನಂದುಕೊಳ್ಳುತ್ತಾರೋ ಅಂತ ಹಿಂಜರಿಕೆ. ಹೀಗೆ ಹೋಗಿ ಬಂದವರು ದಯವಿಟ್ಟು ಹೇಳಿ.

ಇಬ್ಬರು ಹುಡುಗರ ಅಪ್ಪ:

ನಿಮ್ಮ ಸಮಾಧಾನ ಇಲ್ಲದಿರುವುದೇ ಸರಿ, ಅದನ್ನು ಬಿಟ್ಟುಕೊಡಬೇಡಿ. ನನ್ನ ಅನುಭವ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಾವು ನಾಲ್ಕು ಮನೆಯವರು ಹೋಗಿದ್ದೆವು. ಪೂಲಿನ ಸುತ್ತ ಎಂಟು ಜನ ದೊಡ್ಡವರು ಕೂತಿದ್ದೆವು, ಎಲ್ಲರ ಮುಖವೂ ನೀರಿನ ಕಡೆಗೇ ಇತ್ತು. ನನ್ನ ಚಿಕ್ಕವನಿಗೆ ಆಗ ಮೂರು ವರ್ಷ. ಮೆಟ್ಟಿಲ ಮೇಲೆ ಆಡುತ್ತಿದ್ದವನು ಒಂದು ಮೆಟ್ಟಿಲು ಕೆಳಗೆ ಜಾರಿದ. ನಾನು ನೋಡಿದಾಗ ನೀರು ಬಾಯಿ ಮಟ್ಟಕ್ಕಿತ್ತು, ತಲೆ ಹಿಂದಕ್ಕೆ ವಾಲಿತ್ತು, ಕೂದಲು ಕಣ್ಣಿನ ಮೇಲೆ ಅಂಟಿತ್ತು, ಅದನ್ನು ಸರಿಸಿಕೊಳ್ಳಲೂ ಕೈ ಮೇಲಕ್ಕೆ ಬರುತ್ತಿರಲಿಲ್ಲ. ಒಂದು ಸದ್ದು ಇಲ್ಲ. ಪಕ್ಕದಲ್ಲಿ ಕೂತವರಿಗೆ ಅವನು ಆಕಾಶ ನೋಡುತ್ತಿರುವ ಹಾಗೆ ಕಂಡಿತಂತೆ. ಬಟ್ಟೆ ಸಮೇತ ಹಾರಿ ಎತ್ತಿದೆ. ಅವನಿಗೆ ಏನೂ ಆಗಲಿಲ್ಲ, ಆದರೆ ಆ ಮುಖ ನನ್ನ ಕಣ್ಣಿಂದ ಇವತ್ತಿಗೂ ಹೋಗಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಉಸಿರು ಎಳೆದುಕೊಳ್ಳುವುದೇ ಕಷ್ಟವಾದಾಗ ಕೂಗು ಎಲ್ಲಿಂದ ಬರಬೇಕು? ಒಂದು ನಿಮಿಷದೊಳಗೆ ಎಲ್ಲ ಮುಗಿದು ಹೋಗಬಹುದು.

ಈಗ ನಮ್ಮ ಪದ್ಧತಿ ಇದು. ಒಂದು ಸೀಟಿಗೆ ದಾರ ಕಟ್ಟಿದ್ದೇವೆ. ಅದು ಯಾರ ಕೊರಳಲ್ಲಿ ಇದೆಯೋ ಅವರೇ ಕಾವಲು. ಹದಿನೈದು ಇಪ್ಪತ್ತು ನಿಮಿಷ ಅಷ್ಟೇ, ಅದಕ್ಕಿಂತ ಜಾಸ್ತಿ ಹೊತ್ತು ಗಮನ ನಿಲ್ಲುವುದಿಲ್ಲ. ಆ ಹೊತ್ತು ಫೋನ್ ಮುಟ್ಟುವಂತಿಲ್ಲ, ಕುಡಿಯುವಂತಿಲ್ಲ, ಪಕ್ಕದವರ ಜೊತೆ ಹರಟೆಯೂ ಇಲ್ಲ. ಸೀಟಿ ಕೊಡುವಾಗ ಬಾಯಿಬಿಟ್ಟು ಹೇಳಬೇಕು: "ನೀರಲ್ಲಿ ನಾಲ್ಕು ಮಕ್ಕಳಿದ್ದಾರೆ, ಈಗ ನಿನ್ನ ಸರದಿ." ತೆಗೆದುಕೊಳ್ಳುವವರು ತಲೆಗಳನ್ನು ಎಣಿಸಿಯೇ ಹಾಕಿಕೊಳ್ಳಬೇಕು. ಇದು ದೊಡ್ಡ ಹುಡುಗರಿಗೆ ಸಾಕು. ನಿಮ್ಮ ಎರಡು ಮತ್ತು ನಾಲ್ಕು ವರ್ಷದವರಿಗೆ ಸಾಲದು, ಅವರ ಜೊತೆ ಕೈಗೆಟುಕುವಷ್ಟು ಹತ್ತಿರ ಒಬ್ಬರು ನೀರಿನಲ್ಲೇ ಇರಬೇಕು.

ಗಾಳಿ ತುಂಬುವ ತೋಳುಪಟ್ಟಿ, ರಿಂಗು ಇವೆಲ್ಲ ಆಟದ ಸಾಮಾನು, ನಂಬಬೇಡಿ. ಮಗುವಿನ ತೂಕಕ್ಕೆ ಸರಿಯಾದ ಲೈಫ್ ಜಾಕೆಟ್ ತನ್ನಿ. ಹಾಕಿದ ಮೇಲೆ ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ, ಗದ್ದ ದಾಟಿ ಮೇಲೆ ಬಂದರೆ ಅದು ದೊಡ್ಡದಾಯಿತು. ಈಜುಡುಗೆ ನೀಲಿ, ಬಿಳಿ ಬೇಡ, ನೀರಿನೊಳಗೆ ಕಾಣುವುದೇ ಇಲ್ಲ. ಎದ್ದು ಕಾಣುವ ಕಿತ್ತಳೆ ಅಥವಾ ಗುಲಾಬಿ ತಗೊಳ್ಳಿ.

ಉಪ್ಪುನೀರು:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕೆಲವು ವರ್ಷ ಲೈಫ್‌ಗಾರ್ಡ್ ಆಗಿ ಕೆಲಸ ಮಾಡಿದವನು, ಹಾಗಾಗಿ ಸಮುದ್ರದ ಬಗ್ಗೆ ಸೇರಿಸುತ್ತೇನೆ.

ದಡಕ್ಕೆ ಹೋದ ತಕ್ಷಣ ಮೊದಲು ಬಾವುಟ ನೋಡಿ. ಬಹಳ ಕಡೆ ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಇರುವ ಎರಡು ಬಾವುಟ ನೆಟ್ಟಿರುತ್ತಾರೆ, ಅವೆರಡರ ನಡುವೆ ಲೈಫ್‌ಗಾರ್ಡ್ ಕಣ್ಣು ಇರುತ್ತದೆ, ಅಲ್ಲೇ ಇಳಿಯಬೇಕು. ಪೂರ್ತಿ ಕೆಂಪು ಇದ್ದರೆ ನೀರಿನ ಮಾತೇ ಬೇಡ. ಬಾವುಟವೂ ಇಲ್ಲ, ಲೈಫ್‌ಗಾರ್ಡೂ ಇಲ್ಲ ಅಂದರೆ ಮಕ್ಕಳು ಮರಳಿನಲ್ಲಿ ಆಡಲಿ, ಪಾದ ತೋಯಿಸಿಕೊಳ್ಳಲಿ, ಅಷ್ಟು ಸಾಕು. ರೆಸಾರ್ಟಿನವರು ಪೂಲಿಗೆ ಜನ ಇಟ್ಟಿದ್ದಾರೆ ಅಂದಮಾತ್ರಕ್ಕೆ ಸಮುದ್ರಕ್ಕೂ ಇಟ್ಟಿದ್ದಾರೆ ಅಂತಲ್ಲ, ಬುಕ್ ಮಾಡುವಾಗಲೇ ಕೇಳಿ.

ಸೆಳವಿನ ಬಗ್ಗೆ ಎಲ್ಲರೂ ತಿಳಿದಿರಬೇಕು. ದಡಕ್ಕೆ ಬಂದ ನೀರು ಒಂದು ಕಿರಿದಾದ ದಾರಿ ಮಾಡಿಕೊಂಡು ಜೋರಾಗಿ ಒಳಕ್ಕೆ ಹರಿಯುತ್ತದೆ. ಎರಡೂ ಬದಿ ಬಿಳಿ ನೊರೆಯ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಕಪ್ಪಗೆ, ಶಾಂತವಾಗಿ ಕಾಣುತ್ತಿದ್ದರೆ ಅನುಮಾನ ಪಡಿ. ಮಕ್ಕಳಿಗೆ ಅಲ್ಲೇ ಚೆನ್ನ ಅನ್ನಿಸಿಬಿಡುತ್ತದೆ, ಅಲೆ ಇಲ್ಲವಲ್ಲ. ಸಿಕ್ಕಿಕೊಂಡರೆ ನೇರ ದಡದ ಕಡೆ ಈಜಲು ಹೋಗಬಾರದು, ಸುಸ್ತಾಗಿ ಮುಳುಗುವುದು ಹಾಗೇ. ಸೆಳವು ನೀರಿನಡಿಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಮೊದಲು ತೇಲಬೇಕು. ಆಮೇಲೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಆಗದಿದ್ದರೆ ತೇಲುತ್ತಲೇ ಕೈ ಎತ್ತಿ ಕರೆಯಬೇಕು. ಮಕ್ಕಳಿಗೆ ಹೇಳಿಕೊಡಲು ಒಂದೇ ಮಾತು ಸಾಕು: "ಬೆನ್ನ ಮೇಲೆ ಮಲಗು, ಕೈ ಎತ್ತು." ಮನೆಯಲ್ಲೇ ಆಟದ ಹಾಗೆ ಹತ್ತು ಸಲ ಮಾಡಿಸಿ.

ಮಗುವಿನ ಹಿಂದೆ ಬರಿಗೈಯಲ್ಲಿ ಹಾರಿದ ಅಪ್ಪಂದಿರೂ ಮುಳುಗಿದ್ದಾರೆ. ಲೈಫ್‌ಗಾರ್ಡನ್ನು ಕರೆಯಿರಿ. ಇಳಿಯಲೇಬೇಕಾದರೆ ತೇಲುವ ಏನಾದರೂ ಕೈಯಲ್ಲಿ ಹಿಡಿದೇ ಇಳಿಯಿರಿ.

ಉಬ್ಬರ ಇಳಿತದ ವೇಳೆ ಕೇಳಿಟ್ಟುಕೊಳ್ಳಿ. ಬಹಳಷ್ಟು ಕಡಲ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿನ್ನೆ ಹತ್ತು ಗಂಟೆಗೆ ಮೊಣಕಾಲುದ್ದ ನೀರಿತ್ತು ಅಂತ ಇವತ್ತೂ ಅಷ್ಟೇ ಇರುವುದಿಲ್ಲ.

ಇನ್ನೊಂದು, ಯಾರೂ ಗಮನ ಕೊಡದ ವಿಷಯ: ಮರಳಿನ ಗುಂಡಿ. ಆರು ಎಂಟು ವರ್ಷದ ಹುಡುಗರು ಕೈಗೆ ಸಲಿಕೆ ಸಿಕ್ಕರೆ ಬಿಡುವುದಿಲ್ಲ. ಬದಿಯ ಮರಳು ಒಣಗುತ್ತಿದ್ದ ಹಾಗೆ ಕುಸಿಯುತ್ತದೆ, ಒಳಗಿದ್ದವರನ್ನು ಕ್ಷಣದಲ್ಲಿ ಮುಚ್ಚುತ್ತದೆ, ಕೈಯಲ್ಲಿ ತೋಡಿದಷ್ಟೂ ಮತ್ತೆ ತುಂಬಿಕೊಳ್ಳುತ್ತದೆ. ಅಲ್ಲಿರುವ ಅತಿ ಚಿಕ್ಕ ಮಗುವಿನ ಮೊಣಕಾಲಿಗಿಂತ ಆಳ ತೋಡಲು ಬಿಡಬೇಡಿ. ಸುರಂಗವಂತೂ ಬೇಡವೇ ಬೇಡ.

ಮೂರು ಮಕ್ಕಳ ತಾಯಿ:

ಪುಟ್ಟಿಯಮ್ಮ, ಕೂಸಿನ ಬಗ್ಗೆ ಗೆಳತಿಗೆ ಹೇಳಿ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಹಚ್ಚುವ ಬದಲು ನೆರಳಲ್ಲಿ ಇಡುವುದನ್ನೇ ವೈದ್ಯರು ಹೇಳುತ್ತಾರೆ. ತೆಳು ಉದ್ದ ತೋಳಿನ ಬಟ್ಟೆ, ಅಗಲ ಅಂಚಿನ ಟೋಪಿ. ತಳ್ಳುಗಾಡಿಯ ಮೇಲೆ ಬಟ್ಟೆ ಹೊದಿಸಿ ಮುಚ್ಚಬೇಡಿ, ಒಳಗೆ ಕುದಿಯುವಷ್ಟು ಸೆಕೆ ಆಗುತ್ತದೆ. ಈ ವಯಸ್ಸಿಗೆ ನೀರು ಕುಡಿಸುವುದಿಲ್ಲವಲ್ಲ, ಹಾಲನ್ನೇ ಪದೇ ಪದೇ ಕೊಡಬೇಕು.

ಉಳಿದ ಮಕ್ಕಳಿಗೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿಯದು, ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗ ಮತ್ತೆ. ಕಿವಿಯ ತುದಿ, ಪಾದದ ಮೇಲ್ಭಾಗ ಮರೆತೇ ಹೋಗುತ್ತದೆ, ನನ್ನ ಮಗಳಿಗೆ ಸುಟ್ಟಿದ್ದು ಅಲ್ಲೇ. ಕೊಡೆ ಕೆಳಗೆ ಕೂತರೂ ಹಚ್ಚಿ, ಒಣ ಮರಳು ಯುವಿ ಕಿರಣದ ಸುಮಾರು 15 ಶೇಕಡಾ ವಾಪಸ್ ಎಸೆಯುತ್ತದೆ. ಹತ್ತರಿಂದ ನಾಲ್ಕು ಬಿಸಿಲು ಜೋರು, ಆ ಹೊತ್ತು ಊಟ, ನಿದ್ದೆ ಅಂತ ರೂಮಿನಲ್ಲೇ ಕಳೆಯಿರಿ.

ರೂಮಿಗೆ ಹೋದ ಕೂಡಲೇ ಬ್ಯಾಗು ಬಿಚ್ಚುವ ಮೊದಲು ಒಬ್ಬರು ಮಕ್ಕಳನ್ನು ಹಿಡಿದುಕೊಳ್ಳಿ, ಇನ್ನೊಬ್ಬರು ಬಾಲ್ಕನಿ ಬಾಗಿಲು ಮತ್ತು ಚಿಲಕ ನೋಡಿ. ಕುರ್ಚಿ, ಟೀಪಾಯಿ ಬಾಲ್ಕನಿಯಿಂದ ಒಳಗೆ ತನ್ನಿ. ಪೂಲಿಗೆ ನೇರ ಬಾಗಿಲು ಇರುವ ರೂಮು ಫೋಟೋದಲ್ಲಿ ಚೆಂದ, ಎರಡು ವರ್ಷದ ಮಗು ಇದ್ದರೆ ಬೇಡ. ನೀವೆಲ್ಲ ಮಲಗಿರುವ ಬೆಳಿಗ್ಗೆ ಆರು ಗಂಟೆಗೆ ಅದೇ ಮೊದಲು ಏಳುವುದು, ಅಲ್ವಾ?

ಹಳೇ ಸ್ನೇಹಿತ:

ಸ್ನೇಹಿತರ ಜೊತೆ ಮಾತಾಡುವುದು ಹೇಗೆ ಅಂತ ಕೇಳಿದ್ದೀರಿ, ಅದಕ್ಕೆ ಯಾರೂ ಉತ್ತರಿಸಿಲ್ಲ. ಈಗಲೇ ಮಾತಾಡಿ. ನಾವು ಮಾತಾಡದೆ ಹೋಗಿ, ಮೂರನೇ ದಿನ ಮಕ್ಕಳ ಜಗಳ ದೊಡ್ಡವರ ಜಗಳ ಆಗಿ, ವಾಪಸ್ ಬರುವ ದಾರಿಯಲ್ಲಿ ಯಾರೂ ಯಾರ ಜೊತೆಯೂ ಮಾತಾಡಲಿಲ್ಲ. ಸರಿಯಾಗಲು ಎಂಟು ತಿಂಗಳು ಬೇಕಾಯಿತು.

ಖರ್ಚು: ರೂಮು ಅವರವರದ್ದು, ಊಟ ಮಾತ್ರ ಹಂಚಿಕೊಳ್ಳಿ. ಹಾಲು ಕುಡಿಯುವ ಕೂಸಿನ ಮನೆಯವರಿಗೂ ಸಮಪಾಲು ಹಾಕಬೇಡಿ, ಅವರು ಬಾಯಿಬಿಟ್ಟು ಹೇಳುವುದಿಲ್ಲ. ನಾಲ್ಕು ದಿನವೂ ಎಲ್ಲವನ್ನೂ ಒಟ್ಟಿಗೇ ಮಾಡಬೇಕು ಅಂತ ಇಟ್ಟುಕೊಳ್ಳಬೇಡಿ. ದಿನಕ್ಕೆ ಒಂದು ಊಟ, ಸಂಜೆ ಒಂದೆರಡು ಗಂಟೆ ಒಟ್ಟಿಗೆ, ಉಳಿದದ್ದು ಅವರವರ ಇಷ್ಟ. ನಿಮ್ಮ ಮಕ್ಕಳು ಎಂಟೂವರೆಗೆ ಮಲಗುತ್ತಾರೆ ಅಂತ ನೇರ ಹೇಳಿಬಿಡಿ. ಒಂದೊಂದು ರಾತ್ರಿ ಒಂದೊಂದು ಜೋಡಿ ಮಕ್ಕಳ ಹತ್ತಿರ ಇದ್ದರೆ ಉಳಿದವರು ಕೂತು ಮಾತಾಡಬಹುದು. ಇನ್ನೊಬ್ಬರ ಮಗು ತಪ್ಪು ಮಾಡಿದಾಗ ಗದರಿಸಬಹುದಾ ಬೇಡವಾ ಅಂತಲೂ ಕೇಳಿಟ್ಟುಕೊಳ್ಳಿ. ನಮ್ಮ ಜಗಳ ಶುರುವಾದದ್ದೇ ಅಲ್ಲಿ.

ಪುಟ್ಟಿಯಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೂಲಿನ ಮೆಟ್ಟಿಲ ಕಥೆಯನ್ನು ನಮ್ಮನೆಯವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೀಟಿ ತಾವೇ ತರುತ್ತೇನೆ ಅಂದರು.

ನಿನ್ನೆ ರಾತ್ರಿ ಧೈರ್ಯ ಮಾಡಿ ಗೆಳತಿಯರಿಗೂ ಉದ್ದದ ಮೆಸೇಜ್ ಕಳಿಸಿದೆ. ಕೂಸಿನ ಅಮ್ಮ ಕೂಡಲೇ ಫೋನ್ ಮಾಡಿದಳು, ಅವಳೂ ವಾರದಿಂದ ಇದನ್ನೇ ಯೋಚಿಸುತ್ತಿದ್ದಳಂತೆ, ಹೇಳಲು ಸಂಕೋಚ. ಹುಡುಗರ ಅಮ್ಮ ಮಾತ್ರ "ಅಷ್ಟೊಂದು ಯಾಕೆ" ಅಂದಳು. ಮರಳಿನ ಗುಂಡಿಯ ವಿಷಯ ಹೇಳಿದೆ, ಅದು ಅವಳಿಗೂ ಹೊಸದು, ಆಮೇಲೆ ಒಪ್ಪಿದಳು. ನಮ್ಮದು ಪೂಲಿನ ಪಕ್ಕದ ರೂಮೇ ಆಗಿತ್ತು, ಬದಲಿಸಿಕೊಡಿ ಅಂತ ಕೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.

ಮಗಳು ಬೆಳಿಗ್ಗೆಯಿಂದ ಮಂಚದ ಮೇಲೆ ಬೆನ್ನು ಹಾಕಿ ಮಲಗಿ ಕೈ ಎತ್ತುತ್ತಿದ್ದಾಳೆ, ಪಕ್ಕದಲ್ಲಿ ತಮ್ಮನನ್ನೂ ಮಲಗಿಸಿಕೊಂಡಿದ್ದಾಳೆ. ಅವನು ಎರಡೂ ಕೈ, ಎರಡೂ ಕಾಲು ಎತ್ತುತ್ತಾನೆ.