ಬೆಲಂ ಗುಹೆಗೆ ವಯಸ್ಸಾದವರನ್ನ ಕರಕೊಂಡು ಹೋಗಬಹುದಾ?

ಕೇಳಿದ್ದು, ಬಾಗಲಕೋಟೆ ನವನಗರದಿಂದ:
ಡಿಸೆಂಬರ್ ರಜೆಗೆ ಆಂಧ್ರದ ಬೆಲಂ ಗುಹೆ ನೋಡೋ ವಿಚಾರ ಐತಿ. ಜೋಡಿ 68 ವರ್ಷದ ತಾಯಿ, 7 ವರ್ಷದ ಮಗ. ತಾಯಿಗೆ ಬಿಪಿ, ಮೊಣಕಾಲು ನೋವು. ಬಾದಾಮಿ ಮೇಣಬಸದಿ (ಗುಡ್ಡದ ಗುಹಾ ದೇವಾಲಯ) ಮೆಟ್ಟಿಲು ನಿಧಾನಕ್ಕ ಹತ್ತತಾರ. ನೆಲದೊಳಗಿನ ಗುಹೆ ಅದಕ್ಕಿಂತ ಕಷ್ಟ ಏನು? ಗೈಡ್ ಬೇಕೇನು? ಗೊತ್ತಿದ್ದವರು ಹೇಳ್ರಿ.

ಇಳಕಲ್‌ನಿಂದ:
ಮೇಣಬಸದಿ ಲೆಕ್ಕ ಇಲ್ಲಿ ಹಿಡಿಯಬ್ಯಾಡ್ರಿ. ಅದು ಮರಳುಗಲ್ಲಿನ ಗುಡ್ಡಕ್ಕೆ ಚಾಲುಕ್ಯರು ಉಳಿ ಹಿಡಿದು ಕೊರೆದದ್ದು, ಮುಂದೆ ಗಾಳಿ, ಬೆಳಕು ಎರಡೂ ಇವೆ. ಬೆಲಂ ಕರಿ ಸುಣ್ಣಕಲ್ಲನ್ನ ನೀರೇ ತಿಂದು ಮಾಡಿದ ಗುಹೆ. ಮೇಲೆ ನೋಡಿದರೆ ಬಯಲು, ಬಯಲಿನಲ್ಲಿ ಬಾವಿಯಂಥ ಮೂರು ತಗ್ಗು. ನಡುವಿನ ತಗ್ಗಿನಿಂದ ಮೆಟ್ಟಿಲು ಇಳಿದರೆ ಆಮೇಲೆ ದಾರಿ ಹೆಚ್ಚುಕಡಿಮೆ ಸಮತಟ್ಟು. ಒಟ್ಟು ಉದ್ದ 3,229 ಮೀಟರ್, ಜನರಿಗೆ ಬಿಟ್ಟಿರೋದು ಸುಮಾರು ಒಂದೂವರೆ ಕಿ.ಮೀ. ಒಂದೂವರೆಯಿಂದ ಎರಡು ತಾಸು ಬೇಕು.

ಕತ್ತಲೆಗೆ ಹೆದರಬ್ಯಾಡ್ರಿ, ಒಳಗೆ ದೀಪ ಹಾಕಿದ್ದಾರೆ. ದಣಿಸೋದು ಸೆಖೆ. ಎಲ್ಲಾ ತಯಾರಿ ಅದಕ್ಕ ಮಾಡ್ರಿ.

ವಿಜಯಪುರದಿಂದ:
ಸೆಖೆ ಯಾಕೆ ಅಂತ ತಿಳಿದರೆ ಏನು ಒಯ್ಯಬೇಕೆಂಬುದು ತಾನೇ ಗೊತ್ತಾಗುತ್ತದೆ. ಗುಹೆಯ ಒಳಗಿನ ಉಷ್ಣತೆ ಆ ಊರಿನ ವರ್ಷದ ಸರಾಸರಿಗೆ ಹತ್ತಿರ ನಿಲ್ಲುತ್ತದೆ. ಚಳಿದೇಶದ ಗುಹೆ ತಂಪಾಗಿರುವುದು ಇದಕ್ಕೇ. ಬೆಲಂ ಇರುವ ರಾಯಲಸೀಮೆಯ ಸರಾಸರಿ 28 ಡಿಗ್ರಿ ಆಸುಪಾಸು. ಅದರ ಮೇಲೆ ತೇವ, ಜನರ ಉಸಿರು, ದೀಪದ ಕಾವು. ಬೆವರು ಬರುತ್ತದೆ, ಆದರೆ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಆದ್ದರಿಂದ ನಡೆದದ್ದು ಕಡಿಮೆಯಾದರೂ ಏದುಸಿರು ಬರುತ್ತದೆ. ಒಳಗೆ ಗಾಳಿ ಬಿಡುವ ಕೊಳವೆಗಳಿವೆ. ಕುಳಿತು ಸುಧಾರಿಸಿಕೊಳ್ಳುವುದಾದರೆ ಅವುಗಳ ಹತ್ತಿರವೇ ಕುಳಿತುಕೊಳ್ಳಿ, ಜನ ಗುಂಪುಗೂಡಿದ ಮೂಲೆಯಲ್ಲಿ ಬೇಡ.

ತೆಳು ಕಾಟನ್ ಬಟ್ಟೆ ಇರಲಿ, ಜೀನ್ಸ್ ಬೇಡ. ತಾಯಿಗೆ ಸೀರೆಯಾದರೆ ಮೆಟ್ಟಿಲಲ್ಲಿ ನಿರಿಗೆ ಕಾಲಿಗೆ ಸಿಗದಂತೆ ಎತ್ತಿ ಕಟ್ಟಲಿ. ತಲೆಗೊಂದು ಲೀಟರ್ ನೀರು, ಜೊತೆಗೆ ಒಂದು ಓಆರ್‌ಎಸ್ ಪೊಟ್ಟಣ. ಒಂದು ಲೀಟರಿಗೆ ಕಲಸುವ ಪೊಟ್ಟಣವನ್ನು ಅರ್ಧ ಲೀಟರಿಗೆ ಹಾಕಿ ಗಟ್ಟಿ ಮಾಡಬೇಡಿ. ಬೆಳಗಿನ ಬಿಪಿ ಗುಳಿಗೆ ತಪ್ಪಿಸಬಾರದು. ಅದರಲ್ಲಿ ಮೂತ್ರ ಹೆಚ್ಚಿಸುವ ಗುಳಿಗೆ ಇದ್ದರೆ ಎಷ್ಟು ನೀರು, ಎಷ್ಟು ಉಪ್ಪು ಅಂತ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ತಲೆ ಸುತ್ತುವುದು, ವಾಕರಿಕೆ, ಎದೆ ಬಿಗಿತ ಶುರುವಾದರೆ ಅಲ್ಲಿಂದಲೇ ಹಿಂತಿರುಗಿ. ‘ಇನ್ನೊಂದು ಸ್ವಲ್ಪ ಐತಿ’ ಅಂತ ಮುಂದೆ ಎಳೆಯಬೇಡಿ, ಎಷ್ಟು ಒಳಗೆ ಹೋದಿರೋ ಅಷ್ಟೇ ದೂರ ವಾಪಸ್ ನಡೆಯಬೇಕು.

ಜಮಖಂಡಿಯಿಂದ:
ಮೊಣಕಾಲಿಗೆ ಹತ್ತೋದಕ್ಕಿಂತ ಇಳಿಯೋದೇ ಭಾರ. ಇಳಿವಾಗ ನೋವಿನ ಕಾಲು ಮೊದಲು, ಹತ್ತುವಾಗ ಗಟ್ಟಿ ಕಾಲು ಮೊದಲು, ಒಂದು ಕೈ ಯಾವಾಗಲೂ ಕಂಬಿ ಮೇಲೆ. ತಾಯಿಯನ್ನ ಪಾತಾಳಗಂಗೆಗೆ ಇಳಿಸಬ್ಯಾಡ್ರಿ. ಅದೇ ಗುಹೆಯ ಅತಿ ಆಳದ ಜಾಗ, ಮೇಲಿನ ನೆಲದಿಂದ ಸುಮಾರು 46 ಮೀಟರ್. ಹದಿನಾಲ್ಕು-ಹದಿನೈದು ಅಂತಸ್ತಿನಷ್ಟು ಅನ್ನಿ. ಕೆಳಗಿರೋದು ಸಣ್ಣ ನೀರಿನ ಹರಿವು. ನೋಡೋಕೆ ಚಂದ, ಆದರೆ ವಾಪಸ್ ಹತ್ತುವಾಗ ಸೆಖೆಗೆ ಪ್ರಾಯದವರೂ ನಿಲ್ತಾರ. ಒಬ್ಬರು ತಾಯಿ ಜೋಡಿ ಮೇಲೆ ಕುಂತರೆ ಉಳಿದವರು ನೋಡಿ ಬರಬಹುದು.

ಹುಡುಗನ ಚಿಂತಿ ಬ್ಯಾಡ. ತಲೆ ಬಡಿಸಿಕೊಳ್ಳೋರು ದೊಡ್ಡವರು. ಜಾರೀತು ಅಂತ ಎಲ್ಲರೂ ನೆಲ ನೋಡ್ತಾ ನಡೀತಾರ, ಛಾವಣಿ ತಗ್ಗಾದದ್ದು ಗೊತ್ತಾಗೋದಿಲ್ಲ.

ಮುಧೋಳದಿಂದ:
ದೀಪ ಇದ್ದ ಮೇಲೆ ಗೈಡ್ ಯಾಕೆ ಅಂತ ಕೆಲವರು ಕೇಳತಾರ. ನನ್ನ ಮಾತು: ತಗೊಳ್ರಿ. ಕವಲು ಬಹಳ ಇವೆ. ಎಲ್ಲಿ ಬಗ್ಗಬೇಕು, ಎಲ್ಲಿ ಕೂಡಬಹುದು, ಕರೆಂಟ್ ಹೋದರೆ ಏನು ಮಾಡಬೇಕು ಅಂತ ಅವರಿಗೆ ಗೊತ್ತು. ಅದರ ಮೇಲೆ ತಲೆಗೊಂದಲ್ಲದಿದ್ದರೂ ಮನೆಗೊಂದು ಸಣ್ಣ ಟಾರ್ಚ್ ಇರಲಿ. ಮೊಬೈಲ್ ಬ್ಯಾಟರಿ ನಂಬಬ್ಯಾಡ್ರಿ. ಟಿಕೆಟ್ ಕೊಡೋ ಕಡೆನೇ ಕನ್ನಡ ಬರೋ ಗೈಡ್ ಕೇಳ್ರಿ. ‘ನಿಧಾನಕ್ಕ ನಡೀಬೇಕು, ವಯಸ್ಸಾದವರಿದ್ದಾರ’ ಅಂತ ಮೊದಲೇ ಹೇಳಿಬಿಡ್ರಿ.

ಗುಹೆಯೊಳಗೆ ಕೋಟಿಲಿಂಗಾಲು, ಊಡಲಮರ್ರಿ ಅನ್ನೋ ಜಾಗಗಳ ಕಡೆ ಸಾವಕಾಶ ನಿಲ್ಲಿ. ತೆಲುಗಿನಲ್ಲಿ ಮರ್ರಿ ಅಂದರೆ ಆಲದ ಮರ, ಅಲ್ಲಿನ ಕಲ್ಲು ಥೇಟ್ ಬಿಳಲಿನಂಗ ಕಾಣತದ. ಹುಡುಗನಿಗೆ ಒಂದು ಹನಿ ತೋರಿಸ್ರಿ. ಛಾವಣಿಯಿಂದ ಇಳಿಬಿದ್ದ ತೂಗುಗಲ್ಲಿನ ತುದಿಗೆ ಹನಿ ನಿಂತಿರತದ. ಮಳೆನೀರು ಮಣ್ಣಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೀರಿ, ಸುಣ್ಣಕಲ್ಲು ಕರಗಿಸಿಕೊಂಡು ಇಳಿದದ್ದು ಅದು. ಇಲ್ಲಿ ಆ ಅನಿಲ ಹಾರಿಹೋದಾಗ ಸುಣ್ಣ ಅಲ್ಲೇ ಉಳೀತದ, ಹನಿ ಸುತ್ತ ತೆಳು ಉಂಗುರ ಆಗಿ. ಹಿಂಗ ಬೆಳೆಯೋದು ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಲೋಕಾಪುರದ ಕಡೆ ಕ್ವಾರಿಯಲ್ಲಿ ಒಡೀತಾರಲ್ಲ, ಅದೇ ಜಾತಿ ಕಲ್ಲು ಇದು.

ಮುಟ್ಟಬ್ಯಾಡ್ರಿ. ಕೈಯ ಎಣ್ಣೆ ಹತ್ತಿದ ಜಾಗದಲ್ಲಿ ಹೊಸ ಸುಣ್ಣ ಕೂಡೋದಿಲ್ಲ, ಕರ್ರಗಾಗತದ. ಸಪ್ತಸ್ವರಗಳ ಗುಹೆಯಲ್ಲಿ ಕಲ್ಲು ಬಡಿದರೆ ನಾದ ಬರತದ ಅಂತ ಎಲ್ಲರೂ ಬಡೀತಾರ, ನೀವು ಬಡೀಬ್ಯಾಡ್ರಿ.

ಬೆಳಗಾವಿಯಿಂದ:
ರೈಲಾದರೆ ಕೊಲ್ಹಾಪುರ-ತಿರುಪತಿ ಹರಿಪ್ರಿಯಾ. ಬೆಳಗಾವಿ, ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿ, ಗುಂತಕಲ್ ಮೇಲೆ ಹೋಗುತ್ತದೆ. ಬಾಗಲಕೋಟೆಯವರು ಗದಗಿನಲ್ಲಿ ಹತ್ತಬಹುದು. ಇಳಿಯುವ ಊರು ತಾಡಿಪತ್ರಿ, ಅಲ್ಲಿಂದ ಬೆಲಂ ಸುಮಾರು 30 ಕಿ.ಮೀ. ಕಾರಿನಲ್ಲಿ ಹುನಗುಂದ, ಕುಷ್ಟಗಿ, ಹೊಸಪೇಟೆ, ಬಳ್ಳಾರಿ, ಗುತ್ತಿ ದಾರಿಯಾಗಿ ಒಂದು ಕಡೆಗೇ 350 ಕಿ.ಮೀ. ಮೇಲಾಗುತ್ತದೆ. ಒಂದೇ ದಿನದಲ್ಲಿ ಹೋಗಿ ಬರುವ ಮಾತು ಬಿಡಿ. ತಾಡಿಪತ್ರಿಯಲ್ಲಿ ಉಳಿದು, ಬೆಳಿಗ್ಗೆ ಗುಹೆ ತೆರೆಯುವ ಹೊತ್ತಿಗೇ ಮೊದಲ ಗುಂಪಿನಲ್ಲಿ ಇಳಿಯಿರಿ, ಜನ ಕಡಿಮೆ ಇದ್ದಷ್ಟು ಗಾಳಿ ಚೆನ್ನಾಗಿರುತ್ತದೆ. ಭಾನುವಾರ ಬೇಡ. ಹಿಂದಿನ ದಿನ ಜೋರು ಮಳೆಯಾಗಿದ್ದರೆ ಫೋನ್ ಮಾಡಿ ಕೇಳಿಯೇ ಹೊರಡಿ.

ಏಸಿ ಕಾರಿನಿಂದ ಸೀದಾ ಒಳಗೆ ಹೋದರೆ ಕನ್ನಡಕ, ಕ್ಯಾಮೆರಾ ಲೆನ್ಸ್ ಎರಡಕ್ಕೂ ಮಂಜು ಕಟ್ಟುತ್ತದೆ. ಕಾಲು ಗಂಟೆ ಮೊದಲೇ ಚೀಲದಿಂದ ಹೊರಗಿಡಿ.

ಮತ್ತೆ ನವನಗರದಿಂದ:
ಇಷ್ಟು ದೂರ ಯಾಕೆ, ಖಾನಾಪುರದ ಕಡೆ ಗುಹೆ ಐತಿ ಅಂತಾರಲ್ಲ?

ಖಾನಾಪುರದಿಂದ:
ಅದು ತಳೇವಾಡಿ ಹತ್ತಿರದ ಬಾರಾಪೇಡೆ, ಭೀಮಗಡ ವನ್ಯಧಾಮದ ಕಾಡು. ರಾಟನ್ನನ ಬಾವಲಿ ಎಂಬ ಅಪರೂಪದ ಬಾವಲಿ ವಿಜ್ಞಾನಕ್ಕೆ ಮೊದಲು ಗೊತ್ತಾದದ್ದು ಅಲ್ಲಿಂದ, 1913ರಲ್ಲಿ. ಅದು ಪ್ರವಾಸದ ಜಾಗವಲ್ಲ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಟಾರ್ಚ್ ಬೆಳಕಿಗೆ, ಮಾತಿನ ಸದ್ದಿಗೆ ಬಾವಲಿಗಳು ಬೆದರಿ ಏಳುತ್ತವೆ, ಮರಿಗಳಿದ್ದರೆ ಕೆಳಗೆ ಬೀಳುತ್ತವೆ. ಯಾರಾದರೂ ‘ನಾನು ತೋರಿಸ್ತೀನಿ’ ಅಂದರೂ ಹೋಗಬೇಡಿ. ಮಗನಿಗೆ ಗುಹೆ ತೋರಿಸುವ ಆಸೆಯಿದ್ದರೆ ಬೆಲಂಗೇ ಹೋಗಿ, ತಾಯಿಯ ಮೊಣಕಾಲಿಗೂ ಅಲ್ಲಿನ ಮೆಟ್ಟಿಲು, ಕಂಬಿಯೇ ವಾಸಿ.