ಕೆಲಸ ಬಿಟ್ಟು ದೇವರ ಕರೆಯ ಹಿಂದೆ ಹೋದವರು ಇದ್ದೀರಾ? ಅನುಭವ ಹೇಳಿ

ಮಂಜೇಶ್ವರದವಳು: ವಯಸ್ಸು 26, ಮಂಗಳೂರಲ್ಲಿ ಅಕೌಂಟ್ಸ್ ಕೆಲಸ. ಮೂರು ದಿನದ ಧ್ಯಾನಕೂಟ ಮುಗಿಸಿ ಬಂದಮೇಲೆ ಲೆಕ್ಕದ ಪುಸ್ತಕ ತೆರೆಯಲಿಕ್ಕೇ ಮನಸ್ಸಿಲ್ಲ. ನನ್ನ ಬದುಕು ಬೇರೆ ಯಾವುದಕ್ಕೋ ಇರುವುದು ಅನಿಸುತ್ತಿದೆ. ಏನು ಮಾಡಲಿ?

ಸೀತಾಂಗೋಳಿ ಅಡಿಕೆ: ನಾನು ಪಾದ್ರಿಯಾಗಲು ಕಲಿಯುವ ಸೆಮಿನರಿಯಲ್ಲಿ ನಾಲ್ಕು ವರ್ಷ ಎರಡು ತಿಂಗಳು ಇದ್ದು ಬಿಟ್ಟು ಬಂದವನು. ಹೋಗುವಾಗ ಅಮ್ಮ ಎರಡು ಪವನಿನ ಸರ ಅಡವಿಟ್ಟಿದ್ದರು. ಬಿಡಿಸಿದ್ದು ಹೋದ ವರ್ಷ. ಬಡ್ಡಿ ಮಾತ್ರ 31,000 ಆಯಿತು. ವಾಪಸ್ ಬಂದು ಎಂಟು ತಿಂಗಳು ಇಗರ್ಜಿಯ ಕೊನೇ ಬೆಂಚು. "ರಜೆಯಾ?" ಅಂತ ಕೇಳುವವರೇ ಎಲ್ಲ. ಈಗ ಅಡಿಕೆ ವ್ಯಾಪಾರ. ಪಟೋರ, ಉಳ್ಳಿ, ಕೋಕ ಅಂತ ಅಡಿಕೆಯ ದರ್ಜೆ ಬೇರೆ ಮಾಡುತ್ತಾ ಕೂತಾಗ ಬರುವ ಪ್ರಾರ್ಥನೆ ಅಲ್ಲಿ ಒಂದು ದಿನವೂ ಬರಲಿಲ್ಲ.

ಉಪ್ಪಳ ಟೀಚರ್: ಹೆದರಿಸಬೇಡಿ ಮಾರಾಯ್ರೆ. ನಾನು ಬೈಬಲಿನ ಯೆರೆಮೀಯ 29:11 ನಂಬಿ ಶಾಲೆ ಬಿಟ್ಟೆ. ನಮ್ಮ ಹಿತಕ್ಕೇ ದೇವರ ಯೋಜನೆ ಉಂಟು. ಪಿಎಫ್ 83,000 ಹನ್ನೊಂದು ತಿಂಗಳಲ್ಲಿ ಖಾಲಿ, ಸ್ಕೂಟರೂ ಹೋಯಿತು. ಈಗ ಸಂಜೆ ಇಪ್ಪತ್ತು ಮಕ್ಕಳು ಪಾಠಕ್ಕೆ ಬರುತ್ತಾರೆ, ಆರು ಮಂದಿಯ ಫೀಸು ಮಾತ್ರ ಬರುತ್ತದೆ. ಆದರೂ ನಿದ್ದೆ ಚೆನ್ನಾಗಿ ಬರುತ್ತದೆ.

ಸೀತಾಂಗೋಳಿ ಅಡಿಕೆ: ಅದರ ಹಿಂದಿನ ವಚನ ಓದಿದ್ದೀರಾ ಟೀಚರ್? ಎಪ್ಪತ್ತು ವರ್ಷ ಕಾಯಿರಿ ಅಂತ ಉಂಟು. ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರ ಅದು. ಐದನೇ ವಚನದಲ್ಲಿ ಮನೆ ಕಟ್ಟಿ, ತೋಟ ಮಾಡಿ ಅಂತಲೂ ಉಂಟು. ತೋಟದವನು ನಾನೇ.

ನೈಟ್ ಡ್ಯೂಟಿ: ಯೇಸುಸಭೆ ಸ್ಥಾಪಿಸಿದ ಸಂತ ಇಗ್ನೇಷಿಯಸರಿಗೆ 1521ರಲ್ಲಿ ಫಿರಂಗಿ ಗುಂಡು ತಾಗಿ ಕಾಲು ಮುರಿಯಿತು. ಮಲಗಿದ್ದಲ್ಲೇ ಒಂದು ಗಮನಿಸಿದರು. ಶೌರ್ಯದ ಹಗಲುಗನಸು ಮುಗಿದಮೇಲೆ ಮನಸ್ಸು ಒಣಗುತ್ತದೆ, ಸಂತರ ಕಥೆ ಓದಿದ ಖುಷಿ ಉಳಿಯುತ್ತದೆ. ನಾನೂ ಕುವೈತಿನಲ್ಲಿ ಆರು ತಿಂಗಳು ಡೈರಿ ಬರೆದೆ. ಸಂಬಳದ ದಿನದ ಖುಷಿ ಮಾರನೇ ದಿನ ಇರುತ್ತಿರಲಿಲ್ಲ. ಈಗ ಊರಲ್ಲಿ ಗುಣವಾಗದ ರೋಗಿಗಳ ಆರೈಕೆಯ ಪಾಲಿಯೇಟಿವ್ ಜೀಪಿನಲ್ಲಿ ಮನೆಮನೆಗೆ ಹೋಗುತ್ತೇನೆ. ಸಂಬಳ ಕಾಲುಭಾಗ. ಗಂಡ ಇನ್ನೂ ಮುಖ ಊದಿಸಿಕೊಂಡೇ ಇದ್ದಾರೆ.

ಕುಂಬ್ಳೆ ಪಾವ್ಲು: ಧ್ಯಾನಕೂಟ ಮಲಯಾಳದ್ದಾ? ಆ ಮೈಕಿನ ಸದ್ದಿಗೆ ಯಾರಿಗಾದರೂ ಕರೆ ಬಂದೀತು.

ನೈಟ್ ಡ್ಯೂಟಿ: ಇಲ್ಲೂ ಭಾಷೆ ಎಳೆಯಬೇಕಾ? ನನ್ನ ರೋಗಿಗಳು ಸಾಯುವಾಗ ತುಳು, ಮಲಯಾಳ, ಕೊಂಕಣಿ ಎಲ್ಲದರಲ್ಲೂ ದೇವರನ್ನು ಕರೆಯುತ್ತಾರೆ.

ಉಪ್ಪಳ ಟೀಚರ್: ಅಡಿಕೆಯವರೇ, ಸೆಮಿನರಿ ಬಿಟ್ಟ ಬೇಜಾರನ್ನು ಆ ಹುಡುಗಿಯ ತಲೆಗೆ ಕಟ್ಟಬೇಡಿ.

ಸೀತಾಂಗೋಳಿ ಅಡಿಕೆ: ಬೇಜಾರಿಲ್ಲ ಅಂತ ನಾನೆಲ್ಲಿ ಹೇಳಿದೆ? ನಾಡಿದ್ದು ನನ್ನ ಬ್ಯಾಚಿನವನು ಪಾದ್ರಿಯಾಗಿ ಮಾಡುವ ಮೊದಲ ಪೂಜೆ. ಅಂಗಿ ಇಸ್ತ್ರಿ ಹಾಕಿ ಇಟ್ಟಿದ್ದೇನೆ. ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲ.