ಕೆಂಟಕಿ 2019: ಗವರ್ನರ್ ಪಕ್ಷ ಬದಲಾಯ್ತು, ಅಧಿಕಾರ ಎಷ್ಟು ಬದಲಾಯ್ತು?

ಮತಪೆಟ್ಟಿಗೆ (ಪ್ರಶ್ನೆ)

ಅಮೆರಿಕದ ಕೆಂಟಕಿ ರಾಜ್ಯದಲ್ಲಿ 2019ರ ನವೆಂಬರ್ 5ರಂದು ನಡೆದ ಗವರ್ನರ್ ಚುನಾವಣೆಯ ಅಂಕಿ-ಅಂಶ ನೋಡ್ತಾ ಇದ್ದೇನೆ. ಡೆಮಾಕ್ರಟಿಕ್ ಪಕ್ಷದ ಆಂಡಿ ಬೆಶಿಯರ್‌ಗೆ 7,09,890 ಮತ, ಹಾಲಿ ಗವರ್ನರ್ ರಿಪಬ್ಲಿಕನ್ ಮ್ಯಾಟ್ ಬೆವಿನ್‌ಗೆ 7,04,754. ಅಂತರ 5,136. ಇಷ್ಟು ಕಡಿಮೆ ಅಂತರಕ್ಕೂ ಪೂರ್ತಿ ಮರುಎಣಿಕೆ ನಡೆಯಲಿಲ್ಲ, 'ರೀಕ್ಯಾನ್ವಾಸ್' ಅಂತ ಏನೋ ನಡೆಯಿತು. ಅದೇನು? ಇನ್ನೊಂದು, ಶಾಸನಸಭೆಯ ಎರಡೂ ಮನೆ ರಿಪಬ್ಲಿಕನ್ನರ ಕೈಯಲ್ಲೇ ಉಳಿದವು. ಹಾಗಿದ್ದರೆ ಗವರ್ನರ್ ಬದಲಾದದ್ದರಿಂದ ಏನು ಬದಲಾಯಿತು?

ಅಂಕಿಪ್ರಿಯ

ಮೊದಲನೆಯದಕ್ಕೆ ಉತ್ತರಿಸುತ್ತೇನೆ. ರೀಕ್ಯಾನ್ವಾಸ್‌ನಲ್ಲಿ ಮತಪತ್ರಗಳನ್ನು ಒಂದೊಂದಾಗಿ ಎಣಿಸುವುದಿಲ್ಲ. ರಾಜ್ಯದ 120 ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳಂಥವು) ಚುನಾವಣಾ ಮಂಡಳಿಯವರು ಸೇರಿ ಮತಯಂತ್ರದ ಮೊತ್ತವನ್ನು ಮತ್ತೊಮ್ಮೆ ಓದುತ್ತಾರೆ. ಗೈರುಹಾಜರಿ ಮತಗಳ (ಮತಗಟ್ಟೆಗೆ ಬರಲಾಗದವರು ಹಾಕಿದ ಮತ) ಮೊತ್ತವನ್ನೂ ನೋಡಿ, ರಾಜ್ಯಕ್ಕೆ ಕಳಿಸಿದ ಲೆಕ್ಕದ ಜೊತೆ ತಾಳೆ ಹಾಕುತ್ತಾರೆ. ಅಷ್ಟೇ. 178 ಅನ್ನೋದನ್ನು ಯಾರೋ 187 ಅಂತ ಬರೆದಿದ್ದರೆ ಸಿಕ್ಕಿಬೀಳುತ್ತದೆ, ಯಂತ್ರವೇ ಒಂದು ಗುರುತನ್ನು ತಪ್ಪಾಗಿ ಓದಿದ್ದರೆ ಸಿಗುವುದಿಲ್ಲ. ಹಾಗಾಗಿ ಇದರಿಂದ ಫಲಿತಾಂಶ ತಿರುಗುಮುರುಗಾಗುವುದು ತೀರಾ ಅಪರೂಪ.

ಚುನಾವಣೆಯ ಮುಂದಿನ ಮಂಗಳವಾರ ಸಂಜೆ 4ರೊಳಗೆ ಅರ್ಜಿ ಹಾಕಬೇಕು. ಬೆವಿನ್ ಚುನಾವಣೆಯ ಮರುದಿನವೇ ಹಾಕಿದರು. ನವೆಂಬರ್ 14ರ ಗುರುವಾರ ಪರಿಶೀಲನೆ ನಡೆಯಿತು, ಅಂತರ ಕದಲಲಿಲ್ಲ, ಅದೇ ದಿನ ಸೋಲೊಪ್ಪಿಕೊಂಡರು. ಆಗಿನ ಕಾನೂನಿನಲ್ಲಿ ಗವರ್ನರ್ ಹುದ್ದೆಗೆ ಕೋರ್ಟಿನ ಮೂಲಕ ಮರುಎಣಿಕೆಗೆ ದಾರಿ ಇರಲಿಲ್ಲ. ಉಳಿದದ್ದು 'ಕಂಟೆಸ್ಟ್', ಅಂದರೆ ಫಲಿತಾಂಶವನ್ನೇ ಪ್ರಶ್ನಿಸುವ ತಕರಾರು ಒಂದೇ. ಸಂವಿಧಾನದ 90ನೇ ಕಲಮಿನ ಪ್ರಕಾರ ಅದನ್ನು ತೀರ್ಮಾನಿಸುವುದು ಶಾಸನಸಭೆಯ ಎರಡು ಮನೆಗಳು. ಚೀಟಿ ಎತ್ತಿ 11 ಜನರ ಸಮಿತಿ ಮಾಡುತ್ತಾರೆ: ಕೆಳಮನೆಯಿಂದ 8, ಮೇಲ್ಮನೆಯಾದ ಸೆನೆಟ್‌ನಿಂದ 3. ಬೆವಿನ್ ತಮ್ಮದೇ ಪಕ್ಷದ ಬಹುಮತವಿದ್ದರೂ ಈ ದಾರಿ ಹಿಡಿಯಲಿಲ್ಲ. ಅದು ಒಳ್ಳೆಯದೇ ಆಯಿತು. 1899ರ ಚುನಾವಣೆ ಹೀಗೇ ಶಾಸನಸಭೆಗೆ ಹೋದಾಗ, ತೀರ್ಮಾನ ಆಗುವ ಮುಂಚೆ 1900ರ ಜನವರಿ 30ರಂದು ಅಭ್ಯರ್ಥಿ ವಿಲಿಯಂ ಗೋಬೆಲ್ ಮೇಲೆ ಗುಂಡು ಹಾರಿಸಲಾಯಿತು. ಅವರನ್ನು ಗವರ್ನರ್ ಎಂದು ಘೋಷಿಸಿದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಇನ್ನೊಂದು ಮಾತು. ಮೂರನೇ ಪಕ್ಷವಾದ ಲಿಬರ್ಟೇರಿಯನ್ ಪಕ್ಷದ ಅಭ್ಯರ್ಥಿಗೆ 28,433 ಮತ ಬಿದ್ದಿತ್ತು, ಅವರೇ ಬೆವಿನ್‌ರನ್ನು ಸೋಲಿಸಿದರು ಅನ್ನೋ ವಾದ ಎಲ್ಲ ಕಡೆ ಓಡಾಡುತ್ತದೆ. ಆ ಮತದಾರರು ಇಬ್ಬರನ್ನೂ ಬಿಟ್ಟು ಬಂದವರು. ಅವರೆಲ್ಲ ಬೆವಿನ್‌ಗೇ ಹಾಕುತ್ತಿದ್ದರು ಅನ್ನುವುದಕ್ಕೆ ಆ ಅಂಕಿಯಲ್ಲಿ ಯಾವ ಆಧಾರವೂ ಇಲ್ಲ.

ಕಲಂ88

ಎರಡನೆಯದಕ್ಕೆ ಬರೋಣ. ಗವರ್ನರ್ ಬಳಿ ವೀಟೊ (ಪಾಸಾದ ಮಸೂದೆಯನ್ನು ತಡೆಯುವ ಅಧಿಕಾರ) ಇದೆ ತಾನೆ ಅಂತ ಎಲ್ಲರೂ ಅಂದುಕೊಳ್ಳುವಲ್ಲೇ ಲೆಕ್ಕ ತಪ್ಪುತ್ತದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ವೀಟೊ ಮುರಿಯಲು ಮೂರನೇ ಎರಡರಷ್ಟು ಅಥವಾ ಐದನೇ ಮೂರರಷ್ಟು ಮತ ಬೇಕು. ಕೆಂಟಕಿಯಲ್ಲಿ ಒಟ್ಟು ಸದಸ್ಯ ಬಲದ ಸರಳ ಬಹುಮತ ಸಾಕು: ಕೆಳಮನೆಯ 100ರಲ್ಲಿ 51, ಸೆನೆಟ್‌ನ 38ರಲ್ಲಿ 20. 2018ರ ಚುನಾವಣೆಯಲ್ಲೇ ರಿಪಬ್ಲಿಕನ್ನರು ಕೆಳಮನೆಯಲ್ಲಿ 61 ಸ್ಥಾನ ಗೆದ್ದಿದ್ದರು. 2020ರ ನಂತರ 75, ಸೆನೆಟ್‌ನಲ್ಲಿ 30.

ಹಾಗಂತ ವೀಟೊ ವ್ಯರ್ಥವಲ್ಲ, ಎಲ್ಲ ದಿನಗಳ ಲೆಕ್ಕ. ಮಸೂದೆ ಕೈಗೆ ಬಂದಮೇಲೆ ಗವರ್ನರ್‌ಗೆ ಭಾನುವಾರ ಬಿಟ್ಟು 10 ದಿನ ಇರುತ್ತದೆ. ಸಮ ವರ್ಷಗಳಲ್ಲಿ ಅಧಿವೇಶನ 60 ದಿನ, ಏಪ್ರಿಲ್ 15 ದಾಟುವಂತಿಲ್ಲ. ಬೆಸ ವರ್ಷಗಳಲ್ಲಿ 30 ದಿನ, ಮಾರ್ಚ್ 30ರೊಳಗೆ ಮುಗಿಯಬೇಕು. ಅದಕ್ಕೇ ಮುಖ್ಯ ಮಸೂದೆಗಳನ್ನು ಮೊದಲೇ ಪಾಸು ಮಾಡಿ, ಆ 10 ದಿನ ಬಿಡುವು ಕೊಟ್ಟು, ಕೊನೆಗೆ ಒಂದೆರಡು ದಿನ ಮತ್ತೆ ಸೇರಿ ವೀಟೊ ಮುರಿಯುತ್ತಾರೆ. ಕೊನೇ ದಿನ ಪಾಸಾದ ಮಸೂದೆಗೆ ವೀಟೊ ಬಿತ್ತೋ, ಮುರಿಯಲು ಸಭೆಯೇ ಇರುವುದಿಲ್ಲ. ಯಾವ ಮಸೂದೆಗೆ ಜೀವ ಇದೆ ಅಂತ ತಿಳಿಯಬೇಕಾದರೆ ಪಾಸಾದ ತಾರೀಖು ನೋಡಿ.

ನಿಜವಾದ ಬದಲಾವಣೆ ಕಂಡದ್ದು ಕಾರ್ಯಾದೇಶಗಳಲ್ಲಿ, ಅಂದರೆ ಗವರ್ನರ್ ತಮ್ಮ ಸಹಿಯಿಂದಲೇ ಹೊರಡಿಸುವ ಆದೇಶಗಳಲ್ಲಿ. ಚುನಾವಣೆ ಕಳೆದು ಐದನೇ ಮಂಗಳವಾರ, ಅಂದರೆ ಡಿಸೆಂಬರ್ 10ಕ್ಕೆ ಬೆಶಿಯರ್ ಅಧಿಕಾರ ವಹಿಸಿಕೊಂಡರು. ಅದೇ ದಿನ ರಾಜ್ಯ ಶಿಕ್ಷಣ ಮಂಡಳಿಯ 11 ಮತಾಧಿಕಾರವಿರುವ ಸದಸ್ಯರನ್ನೂ ಬದಲಾಯಿಸಿದರು. ಇದಕ್ಕೆ ಕಾನೂನಿನ ಬಲ ಬಂದದ್ದು ಎಲ್ಲಿಂದ ಗೊತ್ತೇ? ಬೆವಿನ್ ಶಿಕ್ಷಣದ ಕೆಲವು ಮಂಡಳಿಗಳನ್ನು ಪುನರ್ರಚಿಸಿದಾಗ, ಆಗ ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ಆಗಿದ್ದ ಬೆಶಿಯರ್ರೇ ಕೋರ್ಟಿಗೆ ಹೋಗಿದ್ದರು. 2019ರ ಜೂನ್‌ನಲ್ಲಿ ಕೆಂಟಕಿಯ ಸುಪ್ರೀಂ ಕೋರ್ಟ್ ಬೆವಿನ್ ಪರ ತೀರ್ಪು ಕೊಟ್ಟಿತು. ಆ ಅಧಿಕಾರವೇ ಆರು ತಿಂಗಳಲ್ಲಿ ಬೆಶಿಯರ್ ಕೈಗೆ ಬಂತು.

ಡಿಸೆಂಬರ್ 12ರಂದು, ಶಿಕ್ಷೆ ಮುಗಿಸಿದ ಅಹಿಂಸಾತ್ಮಕ ಅಪರಾಧಿಗಳಿಗೆ, 1,40,000ಕ್ಕೂ ಹೆಚ್ಚು ಜನರಿಗೆ, ಮತದಾನದ ಹಕ್ಕು ಮರಳಿಸುವ ಆದೇಶ ಬಂತು. ಇಂಥದ್ದೇ ಆದೇಶವನ್ನು 2015ರ ನವೆಂಬರ್‌ನಲ್ಲಿ ಅವರ ತಂದೆ ಸ್ಟೀವ್ ಬೆಶಿಯರ್ ಹೊರಡಿಸಿದ್ದರು, ಬೆವಿನ್ ಬಂದ ತಿಂಗಳಲ್ಲೇ ರದ್ದಾಯಿತು. ಸಹಿಯಿಂದ ಬಂದದ್ದು ಸಹಿಯಿಂದಲೇ ಹೋಗುತ್ತದೆ. ಲಕ್ಷಾಂತರ ಜನರ ಮತದಾನದ ಹಕ್ಕು ಹೀಗೆ ತೂಗಾಡುವುದು ಸರಿಯಲ್ಲ, ಸಂವಿಧಾನ ತಿದ್ದುಪಡಿ ಒಂದೇ ಇದಕ್ಕೆ ಗಟ್ಟಿ ಪರಿಹಾರ.

ಹರಿಕಾರ

ಪಕ್ಷ ಬದಲಾಯಿತು ಅನ್ನುವ ಮಾತಿಗೇ ಒಂದು ತಿದ್ದುಪಡಿ. ಅದೇ ದಿನ ರಾಜ್ಯಮಟ್ಟದ ಉಳಿದ ಐದೂ ಹುದ್ದೆಗಳನ್ನು ರಿಪಬ್ಲಿಕನ್ನರು ಗೆದ್ದರು. ಅಟಾರ್ನಿ ಜನರಲ್ ಹುದ್ದೆಗೆ ಡೇನಿಯಲ್ ಕ್ಯಾಮರಾನ್ ಶೇ. 57ಕ್ಕೂ ಹೆಚ್ಚು ಮತ ಪಡೆದರು. ಅಂದರೆ ಜನ ಸಿಟ್ಟಾಗಿದ್ದದ್ದು ಪಕ್ಷದ ಮೇಲಲ್ಲ, ಬೆವಿನ್ ಮೇಲೆ.

ಅದರ ಬೇರು ಶಿಕ್ಷಕರ ಪಿಂಚಣಿಯಲ್ಲಿದೆ. 2018ರ ಮಾರ್ಚ್ 29ರಂದು ಚರಂಡಿ ನೀರಿನ ಸೇವೆಗಳ ಕುರಿತ ಮಸೂದೆಯೊಂದರ ಒಳಗಿನದ್ದನ್ನೆಲ್ಲ ತೆಗೆದು 291 ಪುಟಗಳ ಪಿಂಚಣಿ ಕಾಯ್ದೆ ತುಂಬಿ, ಕೆಲವೇ ಗಂಟೆಗಳಲ್ಲಿ ಪಾಸು ಮಾಡಿದರು. ಪ್ರತಿ ಮಸೂದೆಯನ್ನು ಪ್ರತಿ ಮನೆಯಲ್ಲೂ ಮೂರು ಬೇರೆ ದಿನ ಓದಬೇಕು ಎನ್ನುತ್ತದೆ ಸಂವಿಧಾನದ 46ನೇ ಕಲಂ. ಅದು ಪಾಲನೆಯಾಗಿಲ್ಲ ಎಂದು ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆ ಹೊಡೆದುಹಾಕಿತು. ಆ ಮೊಕದ್ದಮೆ ನಡೆಸಿದ್ದೂ ಬೆಶಿಯರ್ರೇ. ಅಷ್ಟರಲ್ಲಿ ಶಿಕ್ಷಕರು ಬೀದಿಗಿಳಿದಾಗಿತ್ತು.

ನಕ್ಷೆಯಲ್ಲಿ ನೋಡಿದರೆ ಬೆಶಿಯರ್ ಗೆದ್ದದ್ದು 23 ಕೌಂಟಿ ಮಾತ್ರ. ಲೂಯಿವಿಲ್, ಲೆಕ್ಸಿಂಗ್ಟನ್ ನಗರಗಳು ದೊಡ್ಡ ಮುನ್ನಡೆ ಕೊಟ್ಟವು. ಉತ್ತರದ ಕೆಂಟನ್ ಮತ್ತು ಕ್ಯಾಂಬೆಲ್ ಕೌಂಟಿಗಳೂ ಅವರ ಕಡೆ ವಾಲಿದವು.

ಮತಪೆಟ್ಟಿಗೆ

ಎಲ್ಲರಿಗೂ ಧನ್ಯವಾದ. ಅಧಿವೇಶನ ಇಲ್ಲದ ತಿಂಗಳುಗಳಲ್ಲಿ ಗವರ್ನರ್‌ಗೆ ಕೈ ಬಿಡುವಾಗಿರುತ್ತದಲ್ಲವೇ?

ಕಲಂ88

ಒಂದು ಮಟ್ಟಿಗೆ ಹೌದು. ವಿಶೇಷ ಅಧಿವೇಶನ ಕರೆಯುವ, ಅದರ ವಿಷಯ ನಿಗದಿಪಡಿಸುವ ಅಧಿಕಾರ ಗವರ್ನರ್‌ಗೆ ಮಾತ್ರ. ಅದನ್ನು ಶಾಸನಸಭೆಗೂ ಕೊಡುವ ತಿದ್ದುಪಡಿಯನ್ನು 2022ರ ನವೆಂಬರ್‌ನಲ್ಲಿ ಮತದಾರರೇ ತಿರಸ್ಕರಿಸಿದರು. ಆದರೆ 2021ರ ಫೆಬ್ರವರಿಯಲ್ಲಿ ವೀಟೊ ಮುರಿದು ತಂದ ಕಾನೂನು, ಶಾಸನಸಭೆಯ ಒಪ್ಪಿಗೆ ಇಲ್ಲದಿದ್ದರೆ ಗವರ್ನರ್‌ನ ತುರ್ತು ಆದೇಶಗಳನ್ನು 30 ದಿನಕ್ಕೆ ಸೀಮಿತಗೊಳಿಸಿತು. ಕೆಳ ನ್ಯಾಯಾಲಯ ಕೊಟ್ಟಿದ್ದ ತಡೆಯನ್ನು ಆಗಸ್ಟ್ 21ರಂದು ಸುಪ್ರೀಂ ಕೋರ್ಟ್ ತೆರವು ಮಾಡಿತು. ಆಗ ಕೋವಿಡ್ ಜೋರಾಗಿತ್ತು, ಸೆಪ್ಟೆಂಬರ್ 7ಕ್ಕೆ ಬೆಶಿಯರ್ ತಾವೇ ಅಧಿವೇಶನ ಕರೆಯಬೇಕಾಯಿತು. ತುರ್ತುಸ್ಥಿತಿಯನ್ನು 2022ರ ಜನವರಿವರೆಗೆ ವಿಸ್ತರಿಸಿದ ಅದೇ ಶಾಸನಸಭೆ, ಶಾಲೆಗಳ ರಾಜ್ಯವ್ಯಾಪಿ ಮಾಸ್ಕ್ ಕಡ್ಡಾಯವನ್ನು ರದ್ದು ಮಾಡಿತು.